ರಿಸ್ಟಾರ್ಟ್ ಆದರೆ ಎಲ್ಲ ಮೊದಲಿನ ಹಾಗೆ: ಮರೆಯುವ ಡಿಸ್ಕಿನ ಕಥೆ

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಡೆದದ್ದು. ಬೀಡಿ ಕಟ್ಟುವ ಹೆಂಗಸರ ಬಗ್ಗೆ ಒಂದು ವರದಿ ಬರೆಯಬೇಕಿತ್ತು. ಎರಡು ದಿನ ತಿರುಗಿ, ನಾಲ್ಕು ಮನೆಗಳ ಜಗಲಿಯಲ್ಲಿ ಕೂತು ಮಾತಾಡಿಸಿ, ಕಾಲೇಜಿನ ಲ್ಯಾಬಿಗೆ ಬಂದು ನುಡಿಯಲ್ಲಿ ಟೈಪ್ ಮಾಡಿದ್ದೆ. ಡೆಸ್ಕ್‌ಟಾಪಿನಲ್ಲೇ ಸೇವ್ ಮಾಡಿದ್ದೆ, ಅದೂ ಮೂರು ಸಲ. ಸಂಜೆ ನಾಲ್ಕರ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿತ್ತು. ಕರೆಂಟ್ ಬಂದು ಕಂಪ್ಯೂಟರ್ ಆನ್ ಮಾಡಿ ನೋಡಿದರೆ ಡೆಸ್ಕ್‌ಟಾಪ್ ಖಾಲಿ. ರೀಸೈಕಲ್ ಬಿನ್ನಿನಲ್ಲೂ ಇಲ್ಲ. ಸರ್ಚ್ ಕೊಟ್ಟರೂ ಇಲ್ಲ. ಅಂಥದ್ದೊಂದು ಫೈಲ್ ಇತ್ತು ಎನ್ನುವುದಕ್ಕೇ ಗುರುತಿಲ್ಲ.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಅಣ್ಣ ಬಂದು ಪರದೆಯ ಬಲಗಡೆ ಮೂಲೆಯಲ್ಲಿದ್ದ ಸಣ್ಣ ಹಿಮಕರಡಿಯ ಚಿತ್ರ ತೋರಿಸಿದರು. "ಇದು ಉಂಟಲ್ಲ ಮಾರಾಯ, ಇದು ಇದ್ದರೆ ಸಿ ಡ್ರೈವಿನಲ್ಲಿ ಏನು ಇಟ್ಟರೂ ನಿಲ್ಲುವುದಿಲ್ಲ. ಡಿ-ಗೆ ಹಾಕ್ಬೇಕಿತ್ತು. ಇನ್ನೆಂತ ಮಾಡುದು?"

ಮಾಡುವುದಕ್ಕೇನೂ ಇರಲಿಲ್ಲ. ಮತ್ತೆ ಅದೇ ಮನೆಗಳಿಗೆ ಹೋದೆ. "ಮೊನ್ನೆ ಎಲ್ಲ ಹೇಳಿದ್ದೇನಲ್ಲ ಮಗಾ" ಎಂದರು ಆ ಅಮ್ಮ. ಎರಡನೇ ಸಲ ಹೇಳಿದರು, ಆದರೆ ಮೊದಲ ಸಲದ ಅರ್ಧವೂ ಬರಲಿಲ್ಲ. ಗಂಡ ಬೊಂಬಾಯಿಗೆ ಹೋದ ವರ್ಷದ ಕಥೆಯನ್ನು ಅವರು ಮೊದಲ ದಿನ ಎಷ್ಟು ವಿವರವಾಗಿ ಹೇಳಿದ್ದರೋ, ಎರಡನೇ ದಿನ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು.

ಆ ಹಿಮಕರಡಿಯ ಹೆಸರು ಡೀಪ್ ಫ್ರೀಜ್. ಅದರ ಮೇಲಿನ ಸಿಟ್ಟಿನಿಂದಲೇ ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಓದಲು ಹೊರಟವನು ನಾನು. ಓದಿದ ಮೇಲೆ ಸಿಟ್ಟು ಅರ್ಧ ಇಳಿಯಿತು.

ಕತೆ ಶುರುವಾಗುವುದು ಅಮೆರಿಕದ ಕೇಂಬ್ರಿಡ್ಜ್ ಊರಿನ ಐಬಿಎಂ ಕೇಂದ್ರದಲ್ಲಿ. 1967ರ ಹೊತ್ತಿಗೆ ಅಲ್ಲಿ ಸಿಪಿ-40 ಎಂಬ ವ್ಯವಸ್ಥೆ ಕೆಲಸ ಮಾಡುತ್ತಿತ್ತು. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಬಳಸುವಾಗ ಪ್ರತಿಯೊಬ್ಬರಿಗೂ "ಇಡೀ ಯಂತ್ರ ನನ್ನದೇ" ಅನ್ನಿಸುವಂತೆ ಮಾಡುವುದು ಅದರ ಕೆಲಸ. ಡಿಸ್ಕೂ ಹಾಗೆಯೇ. ಒಂದು ನಿಜವಾದ ಡಿಸ್ಕನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಮುಂದೆ 1972ರಲ್ಲಿ ಬಂದ ವಿಎಂ/370ರ ಮಂದಿ ಇದನ್ನು ಮಿನಿಡಿಸ್ಕ್ ಎಂದು ಕರೆಯುತ್ತಿದ್ದರು. ಒಂದೇ ಗದ್ದೆಗೆ ಬದು ಹಾಕಿ ನಾಲ್ಕು ಮಕ್ಕಳಿಗೆ ಕೊಟ್ಟ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಯಾರಿಗೂ ಬದು ಕಾಣಿಸುವುದಿಲ್ಲ. ಡಿಸ್ಕ್ ಎಂದರೆ ಕಬ್ಬಿಣದ ವಸ್ತುವೇ ಆಗಿರಬೇಕಿಲ್ಲ, ನಡುವೆ ಕೂತ ಒಂದು ಪ್ರೋಗ್ರಾಮು "ಇದು ಡಿಸ್ಕ್" ಎಂದು ಹೇಳಿದರೆ ಸಾಕು ಎಂಬ ಯೋಚನೆ ಹೀಗೆ ಗಟ್ಟಿಯಾಯಿತು.

ಇನ್ನೊಂದು ತೊರೆ ಬೇರೆ ಕಡೆಯಿಂದ ಬಂತು. 1991ರಲ್ಲಿ ಬರ್ಕ್ಲಿಯ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಜಾನ್ ಔಸ್ಟರ್‌ಹೌಟ್ ಒಂದು ಹೊಸ ಫೈಲ್ ವ್ಯವಸ್ಥೆಯನ್ನು ಮುಂದಿಟ್ಟರು. ಹಳೆಯದನ್ನು ಅಳಿಸಿ ಅದರ ಮೇಲೆ ಬರೆಯುವುದೇ ಬೇಡ, ಹೊಸದನ್ನೆಲ್ಲ ಕೊನೆಗೆ ಸೇರಿಸುತ್ತಾ ಹೋಗೋಣ ಎಂಬುದು ಅದರ ಸಾರ. ಹಾಲಿನ ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ರಬ್ಬರ್ ಹಾಕುವುದಿಲ್ಲ, ಕೆಳಗೆ ಇನ್ನೊಂದು ಸಾಲು ಬರೆಯುತ್ತಾರಲ್ಲ, ಹಾಗೆ. ಅವರಿಗೆ ಬೇಕಾಗಿದ್ದದ್ದು ಮುಖ್ಯವಾಗಿ ವೇಗ, ಚರಿತ್ರೆ ಉಳಿಸುವುದಲ್ಲ. ಆದರೆ ಅಳಿಸದೇ ಬರೆದರೆ ಹಳೆಯದು ಸ್ವಲ್ಪ ಕಾಲವಾದರೂ ಅಲ್ಲೇ ಬಿದ್ದಿರುತ್ತದೆ. ಡೇವಿಡ್ ಹಿಟ್ಜ್, ಜೇಮ್ಸ್ ಲಾವ್, ಮೈಕಲ್ ಮಾಲ್ಕಂ ಸೇರಿ 1992ರಲ್ಲಿ ಕಟ್ಟಿದ ನೆಟ್‌ಆ್ಯಪ್ ಕಂಪನಿ ಹತ್ತಿರದ ಇನ್ನೊಂದು ದಾರಿ ಹಿಡಿದು, ಆ ಗುಣವನ್ನೇ ಸರಕು ಮಾಡಿತು. ಅವರ ವಾಫಲ್ ಎಂಬ ಫೈಲ್ ವ್ಯವಸ್ಥೆ ಹೊತ್ತು ಹೊತ್ತಿಗೆ ಇಡೀ ಡಿಸ್ಕಿನ 'ಸ್ನ್ಯಾಪ್‌ಶಾಟ್' ಹಿಡಿದಿಡುತ್ತಿತ್ತು. 1994ರಲ್ಲಿ ಅವರು ಬರೆದ ಪ್ರಬಂಧದ ಪ್ರಕಾರ ಒಮ್ಮೆಗೆ 20ರವರೆಗೆ ಇಡಬಹುದಿತ್ತು. ಫೋಟೋ ಎಂದರೂ ಇಲ್ಲಿ ನಕಲು ತೆಗೆಯುವುದಿಲ್ಲ. ಈ ಕ್ಷಣ ಯಾವ ಯಾವ ತುಂಡುಗಳು ಬಳಕೆಯಲ್ಲಿವೆ ಎಂದು ಗುರುತು ಮಾಡಿ "ಇವನ್ನು ಮುಟ್ಟಬೇಡಿ" ಎಂದು ಬೀಗ ಹಾಕುವುದು, ಅಷ್ಟೆ. ಅದಕ್ಕೇ ಅದು ಕ್ಷಣದಲ್ಲಿ ಮುಗಿಯುತ್ತದೆ.

ಎರಡೂ ತೊರೆ ಕೂಡಿದ ಜಾಗವನ್ನು ಹುಡುಕಿದರೆ ಮತ್ತೆ ಅದೇ ರೋಸೆನ್‌ಬ್ಲಮ್ ಸಿಗುತ್ತಾರೆ. ಅಷ್ಟರಲ್ಲಿ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಮೇಷ್ಟ್ರು. 1997ರಲ್ಲಿ ಎಡುವಾರ್ಡ್ ಬುನ್ಯನ್, ಸ್ಕಾಟ್ ಡಿವೈನ್ ಜತೆ ಸೇರಿ ಡಿಸ್ಕೋ ಎಂಬ ಪ್ರಯೋಗ ಮಾಡಿದರು. ಒಂದು ಯಂತ್ರದೊಳಗೆ ಹಲವು ನಕಲಿ ಯಂತ್ರಗಳು, ಅವೆಲ್ಲಕ್ಕೂ ಸೇರಿ ಒಂದೇ ಡಿಸ್ಕು. ಯಾರಾದರೂ ಅದರಲ್ಲಿ ಬರೆಯಲು ಹೊರಟರೆ ಮೂಲಕ್ಕೆ ಕೈ ಹಾಕಲು ಬಿಡದೆ, ಅವರ ಬದಲಾವಣೆಯನ್ನು ಮಾತ್ರ ಪಕ್ಕದಲ್ಲಿ ಬೇರೆ ಇಡುವುದು. ಮರುವರ್ಷ ಇದೇ ಗುಂಪು, ಡಯೇನ್ ಗ್ರೀನ್ ಮುಂತಾದವರೊಂದಿಗೆ ವಿಎಂವೇರ್ ಕಂಪನಿ ಶುರು ಮಾಡಿತು. 1999ರಲ್ಲಿ ಬಂದ ಅವರ ವರ್ಕ್‌ಸ್ಟೇಷನ್ನಿನಲ್ಲಿ ನಕಲಿ ಡಿಸ್ಕಿಗೆ ಮೂರು ಬಗೆ ಇದ್ದವು. ಬರೆದದ್ದು ಉಳಿಯುವುದು ಒಂದು. ಆಫ್ ಮಾಡಿದ ಕೂಡಲೇ ಅಳಿದುಹೋಗುವುದು ಇನ್ನೊಂದು. ಮೂರನೆಯದು ಆಫ್ ಮಾಡುವಾಗ ನಿಮ್ಮನ್ನೇ ಕೇಳುತ್ತಿತ್ತು: ಇವತ್ತು ಮಾಡಿದ್ದನ್ನು ಇಟ್ಟುಕೊಳ್ಳಲೋ, ಬಿಡಲೋ?

ಈ ಮೂರನೆಯದನ್ನು ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆಯುರಿಯಿತು. ನನ್ನ ಲ್ಯಾಬಿನ ಯಂತ್ರ ಹಾಗೊಂದು ಮಾತು ಕೇಳಿದ್ದರೆ ಸಾಕಿತ್ತು.

ಆದರೆ ನಮ್ಮ ಶಾಲೆ ಕಾಲೇಜುಗಳ ಯಂತ್ರಗಳಲ್ಲಿ ಆಗ ಇದ್ದದ್ದು 128 ಎಂಬಿ ರ‍್ಯಾಮ್. ಒಂದು ವಿಂಡೋಸ್ ಓಡಿಸುವುದೇ ಕಷ್ಟ, ಅದರ ಹೊಟ್ಟೆಯೊಳಗೆ ಇನ್ನೊಂದನ್ನು ಓಡಿಸುವ ಮಾತೆಲ್ಲಿ? ಹಾಗಾಗಿ ಕೆಲವರು ನಕಲಿ ಯಂತ್ರವನ್ನು ಬಿಟ್ಟು ನಕಲಿ ಡಿಸ್ಕನ್ನು ಮಾತ್ರ ಇಟ್ಟುಕೊಂಡರು. ವಿಂಡೋಸಿಗೂ ಹಾರ್ಡ್ ಡಿಸ್ಕಿಗೂ ನಡುವೆ ಒಂದು ತೆಳು ಪದರ, ಅಷ್ಟೇ. ಅಮೆರಿಕದ ಮಿನೆಸೋಟದ ವೈಲ್ಡ್ ಫೈಲ್ ಎಂಬ ಸಣ್ಣ ಕಂಪನಿಯ ಗೋಬ್ಯಾಕ್ ಹಾಗೆ ಬಂದದ್ದು. ಅದು ಅಡಾಪ್ಟೆಕ್, ರಾಕ್ಸಿಯೋ ಎಂದು ಕೈಯಿಂದ ಕೈಗೆ ಹೋಗಿ ಕೊನೆಗೆ ಸಿಮ್ಯಾಂಟೆಕ್ಕಿನ ನಾರ್ಟನ್ ಗೋಬ್ಯಾಕ್ ಆಯಿತು. ಕೆನಡಾದ ವ್ಯಾಂಕೂವರಿನ ಫರೋನಿಕ್ಸ್ 1999ರಲ್ಲಿ ಡೀಪ್ ಫ್ರೀಜ್ ತಂದಿತು.

ಎರಡೂ ಒಂದೇ ಬಗೆಯವು ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಗೋಬ್ಯಾಕ್ ಹೊಸದನ್ನು ಡಿಸ್ಕಿನಲ್ಲಿ ಬರೆಯಲು ಬಿಟ್ಟು, ಹಳೆಯದನ್ನು ಬದಿಗೆ ಎತ್ತಿಡುತ್ತದೆ, ಬೇಕಾದಾಗ ಹಿಂದೆ ಹೋಗಬಹುದು. ಡೀಪ್ ಫ್ರೀಜ್ ಹಳೆಯದನ್ನು ಇದ್ದಲ್ಲೇ ಬಿಟ್ಟು ಹೊಸದನ್ನು ಬದಿಗೆ ಹಾಕುತ್ತದೆ, ರಿಸ್ಟಾರ್ಟ್ ಆದಾಗ ಆ ಬದಿಯದ್ದನ್ನು ಮರೆತುಬಿಡುತ್ತದೆ. ಮೊದಲನೆಯದು ಹಳೆಯ ಪುಟ ಹರಿಯದೆ ಜೋಪಾನ ಮಾಡುವ ಶಾನುಭೋಗ. ಎರಡನೆಯದು ಕಡತ. ನಮ್ಮ ಹಿಂದಿನವರು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು, ಬೇಡವಾದಾಗ ಒರೆಸುತ್ತಿದ್ದರಲ್ಲ, ಅದು. (ಒರೆಸಲು ಬರುವ ಆ ಬಟ್ಟೆಯ ಹೆಸರೇ ಈಗ ಸರಕಾರಿ ಕಚೇರಿಯಲ್ಲಿ ಫೈಲಿಗೆ ಉಳಿದಿದೆ. ಕೆಲವು ಕಚೇರಿಗಳನ್ನು ನೋಡಿದರೆ ತಪ್ಪೇನೂ ಅಲ್ಲ.)

ಹಾಗಾದರೆ ಎರಡನ್ನೂ ಒಟ್ಟಿಗೆ ಹಾಕಿದರೆ? ನಿನ್ನೆಗೆ ಒಂದು, ಇವತ್ತಿಗೆ ಒಂದು? ಕಂಪ್ಯೂಟರಿನ ಹುಚ್ಚಿದ್ದವರಿಗೆಲ್ಲ ಈ ಯೋಚನೆ ಬಂದೇ ಬಂದಿತು. ರೋಲ್‌ಬ್ಯಾಕ್ ಆರ್‌ಎಕ್ಸ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುವುದು, ಅದರ ಮೇಲೆ ಶ್ಯಾಡೋ ಡಿಫೆಂಡರ್ ಅಥವಾ ರಿಟರ್ನಿಲ್ ಹಾಕಿ ದಿನದ ಓಡಾಟವನ್ನೆಲ್ಲ ನಕಲಿ ಪದರದಲ್ಲಿ ಮಾಡುವುದು. ಕೇಳಲು ಚೆನ್ನಾಗಿದೆ. ತೊಡಕು ಬರುವುದು ಯಾರು ಮೇಲೆ, ಯಾರು ಕೆಳಗೆ ಎಂಬಲ್ಲಿ. ಇಬ್ಬರೂ "ಡಿಸ್ಕಿಗೆ ಹತ್ತಿರ ಇರುವವನು ನಾನೇ" ಎಂದುಕೊಂಡಿರುತ್ತಾರೆ. ಕೆಳಗಿನವನು ಒಂದು ತುಂಡನ್ನು ಬೇರೆಡೆಗೆ ಸರಿಸಿ ತನ್ನ ಪಟ್ಟಿಯಲ್ಲಿ ಬರೆದುಕೊಂಡಿದ್ದಾನೆ ಎನ್ನಿ. ಆ ಪಟ್ಟಿಯೇ ಮೇಲಿನವನ ನಕಲಿ ಪದರದಲ್ಲಿ ಸಿಕ್ಕಿಕೊಂಡು ರಿಸ್ಟಾರ್ಟಿನಲ್ಲಿ ಅಳಿದುಹೋದರೆ, ತುಂಡು ಇದ್ದರೂ ಅದು ಎಲ್ಲಿದೆ ಎಂದು ಹೇಳುವವರಿಲ್ಲ. ಬೀರುವಿನಲ್ಲಿ ದಾಖಲೆ ಭದ್ರವಾಗಿದೆ, ಆದರೆ ಕೀಲಿಕೈ ಇಟ್ಟ ಜಾಗ ಗೊತ್ತಿದ್ದವನು ಊರು ಬಿಟ್ಟಿದ್ದಾನೆ.

ಎರಡು ಬೇರೆ ಬೇರೆ ಕಂಪನಿಯವರಾದರೆ ಸರಿ, ಒಂದೇ ಮನೆಯವರಿಗೂ ಇದು ತಪ್ಪಲಿಲ್ಲ. ವಿಂಡೋಸ್ ವಿಸ್ಟಾ ಬಂದ ಮೇಲೆ ಅದನ್ನೂ ಹಳೆಯ ಎಕ್ಸ್‌ಪಿಯನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡವರು ಬಹಳ. ಒಮ್ಮೆ ಎಕ್ಸ್‌ಪಿಗೆ ಹೋಗಿ ಬಂದರೆ ವಿಸ್ಟಾದ ರಿಸ್ಟೋರ್ ಪಾಯಿಂಟ್‌ಗಳೆಲ್ಲ ಮಾಯ! ವಿಸ್ಟಾ ಬಳಸುತ್ತಿದ್ದ ಹೊಸ ಬಗೆಯ ಶ್ಯಾಡೋ ಕಾಪಿಯ ಗುರುತು ಎಕ್ಸ್‌ಪಿಯ ಹಳೆಯ ಡ್ರೈವರಿಗೆ ಸಿಗುತ್ತಿರಲಿಲ್ಲ, ಅದು ಅವನ್ನು ಅಳಿಸಿಹಾಕುತ್ತಿತ್ತು. ಮೈಕ್ರೋಸಾಫ್ಟೇ ಇದನ್ನು ಒಪ್ಪಿಕೊಂಡು ಬರೆದಿದೆ. ಗೋಬ್ಯಾಕ್ ಈ ವಿಷಯದಲ್ಲಿ ಸ್ವಲ್ಪ ಹುಷಾರಿ. ಅದು ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಪಾರ್ಟಿಷನ್ನಿನ ಜಾತಿಯನ್ನೇ 44 ಎಂದು ಬದಲಿಸಿಬಿಡುತ್ತಿತ್ತು. ಬೇರೆ ವ್ಯವಸ್ಥೆಗಳು ಬಂದು ನೋಡಿದರೆ ಅಪರಿಚಿತ ಮನೆ ಎಂದು ಬಾಗಿಲಲ್ಲೇ ನಿಲ್ಲಲಿ ಎಂದು. ಅದರಿಂದ ಆದ ತೊಂದರೆ ಏನೆಂದರೆ ವಿಂಡೋಸ್ ಕೆಟ್ಟುಹೋದ ದಿನ ಲಿನಕ್ಸ್ ಸಿಡಿ ಹಾಕಿ ಫೈಲ್ ತೆಗೆಯಲು ಹೋದವರೂ ಬಾಗಿಲಲ್ಲೇ ನಿಂತರು.

ಚೀನಾದ ಕತೆ ಇದಕ್ಕಿಂತ ದೊಡ್ಡದು. ಅಲ್ಲಿನ ಇಂಟರ್ನೆಟ್ ಕೆಫೆಗಳಲ್ಲಿ ಸಾಲಾಗಿ ನೂರಾರು ಯಂತ್ರ, ಹಗಲು ರಾತ್ರಿ ಗೇಮ್ ಆಡುವ ಹುಡುಗರು. ಒಂದೊಂದು ಯಂತ್ರವನ್ನೂ ದಿನಾ ಸರಿ ಮಾಡುತ್ತಾ ಕೂರಲು ಆಗದು. ಹಾಗಾಗಿ ಮದರ್‌ಬೋರ್ಡಿಗೆ ಸಿಕ್ಕಿಸುವ ರಿಸ್ಟೋರ್ ಕಾರ್ಡು, ಇಲ್ಲವೇ ಅದೇ ಕೆಲಸದ ಸಾಫ್ಟ್‌ವೇರು ಎಲ್ಲ ಕಡೆ. ವೈರಸ್ ಬಂದರೆ ಬರಲಿ, ರಿಸ್ಟಾರ್ಟ್ ಮಾಡಿದರೆ ಹೋಯಿತು ಎಂಬ ಧೈರ್ಯ. 2007ರಲ್ಲಿ ಆ ಧೈರ್ಯಕ್ಕೆ ಪೆಟ್ಟು ಬಿತ್ತು. ಫೈಲಿನ ಐಕಾನಿನಲ್ಲಿ ಯಂತ್ರದ ನಾಯಿಯ ಚಿತ್ರವಿದ್ದ ಒಂದು ಟ್ರೋಜನ್ ಬಂತು. ಚೀನೀಯರು ಅದನ್ನು ಯಂತ್ರನಾಯಿ ಎಂದೇ ಕರೆದರು, ಆ್ಯಂಟಿವೈರಸ್ ಮಂದಿ ಡಾಗ್‌ರೋಬಾಟ್ ಎಂದರು. ಅದು ನಡುವೆ ಕಾವಲು ಕೂತಿದ್ದ ಪದರವನ್ನು ಮುರಿಯಲು ಹೋಗಲೇ ಇಲ್ಲ. ತನ್ನದೇ ಒಂದು ಡ್ರೈವರ್ ಹಾಕಿಕೊಂಡು, ಕಾವಲುಗಾರನನ್ನು ಬಳಸಿ ಹಿಂದಿನಿಂದ ಹೋಗಿ ನೇರ ಡಿಸ್ಕಿಗೇ ಬರೆಯಿತು. ಬರೆದದ್ದೂ ಎಲ್ಲಿಗೆ? ಲಾಗಿನ್ ಆಗುವಾಗ ಓಡುವ ಯೂಸರ್‌ಇನಿಟ್ ಎಂಬ ಫೈಲಿನ ಮೇಲೆ. ಆಮೇಲೆ ಪ್ರತಿ ರಿಸ್ಟಾರ್ಟಿಗೂ ಡಿಸ್ಕು ಚಾಚೂ ತಪ್ಪದೆ ಮೂಲಸ್ಥಿತಿಗೆ ಮರಳುತ್ತಿತ್ತು, ಆದರೆ ಆ ಮೂಲದಲ್ಲೇ ನಾಯಿ ಕೂತಿತ್ತು. ಅದು ಎಳೆದು ತಂದ ಬೇರೆ ಟ್ರೋಜನ್‌ಗಳು ಹುಡುಗರ ಗೇಮ್ ಖಾತೆಗಳ ಪಾಸ್‌ವರ್ಡ್ ಕದಿಯುತ್ತಿದ್ದವು. ಮರಳಿ ಬರಲು ಜಾಗವಿದೆ ಎಂದು ನಂಬಿದವರು ಆ ಜಾಗಕ್ಕೆ ಯಾರು ಬಂದುಹೋದರು ಎಂದು ನೋಡುವುದನ್ನೇ ಬಿಟ್ಟಿದ್ದರು.

ಮುಂದೆ ಬಂದ ಸುಲಿಗೆ ವೈರಸ್‌ಗಳು ಇಷ್ಟು ಕಷ್ಟವನ್ನೂ ಪಡಲಿಲ್ಲ. 2017ರ ವನ್ನಾಕ್ರೈ ಫೈಲುಗಳಿಗೆ ಬೀಗ ಹಾಕುವುದರ ಜತೆಗೆ ವಿಂಡೋಸಿನ ಶ್ಯಾಡೋ ಕಾಪಿಗಳನ್ನು ಅಳಿಸಲು ವಿಂಡೋಸಿನದ್ದೇ ಆಜ್ಞೆ ಬಳಸಿತು. ಅದೇ ಡಿಸ್ಕಿನಲ್ಲಿ ಕೂತ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ನಂಬಿದ್ದವರು ಆ ವಾರ ಬಹಳ ಅತ್ತರು.

ಈ ನಡುವೆ ಮೈಕ್ರೋಸಾಫ್ಟ್ 2007ರಲ್ಲಿ ಸ್ಟೆಡಿಸ್ಟೇಟ್ ಎಂದು ಇದೇ ಕೆಲಸದ ಉಚಿತ ಸಾಧನ ಕೊಟ್ಟಿತ್ತು, ಶಾಲೆಗಳಿಗೆ, ಲೈಬ್ರರಿಗಳಿಗೆ ಎಂದೇ. 2010ರ ಕೊನೆಗೆ ಅದನ್ನು ಕೊಡುವುದು ನಿಲ್ಲಿಸಿತು. ವಿಂಡೋಸ್ 7ಕ್ಕೆ ಅದು ಬರಲೇ ಇಲ್ಲ. ದುಡ್ಡು ಕೊಟ್ಟು ಡೀಪ್ ಫ್ರೀಜ್ ತರಲಾಗದ ಹಳ್ಳಿ ಶಾಲೆಯಂಥ ಕಡೆಗೆ ಹೇಳಿಮಾಡಿಸಿದಂತಿದ್ದ ವಸ್ತು ಅದು. ಅದನ್ನು ನಿಲ್ಲಿಸಿದ್ದು ಸರಿಯಲ್ಲ ಎಂದೇ ನನಗೆ ಈಗಲೂ ಅನ್ನಿಸುವುದು.

ಮರುವರ್ಷ, 2011ರ ಏಪ್ರಿಲ್‌ನಲ್ಲಿ, ನಮ್ಮಲ್ಲಿ ಕೇಂದ್ರ ಸರಕಾರದ ಸೈಬರ್ ಕೆಫೆ ನಿಯಮಗಳು ಬಂದವು. ಬಂದವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರ್ ಬರೆಯಬೇಕು, ಯಾವ ಯಾವ ವೆಬ್‌ಸೈಟ್ ನೋಡಿದರು ಎಂಬ ಇತಿಹಾಸವನ್ನು ಕನಿಷ್ಠ ಒಂದು ವರ್ಷ ಇಡಬೇಕು. ಪ್ರತಿ ರಿಸ್ಟಾರ್ಟಿಗೂ ಎಲ್ಲ ಮರೆಯುವ ಯಂತ್ರ ಇಟ್ಟುಕೊಂಡು, ಒಂದು ವರ್ಷದ ನೆನಪು ಇಡಿ ಎಂದರೆ? ಪ್ರಾಕ್ಸಿ ಸರ್ವರ್ ಇದ್ದ ದೊಡ್ಡ ಕೆಫೆಗಳಲ್ಲಿ ಲಾಗ್ ಬೇರೆ ಯಂತ್ರದಲ್ಲಿ ಉಳಿಯುತ್ತದೆ. ನಾಲ್ಕು ಕಂಪ್ಯೂಟರಿನ ಅಂಗಡಿಯವರು ಏನು ಮಾಡಬೇಕು?

ನಮ್ಮ ತಾಲೂಕು ಕೇಂದ್ರದಲ್ಲಿ ನಾನು ಹೋಗುತ್ತಿದ್ದ ಅಂಥದ್ದೇ ಒಂದು ಅಂಗಡಿಯಲ್ಲಿ ಉದ್ದ ನೋಟ್‌ಬುಕ್ಕಿಗೆ ದಾರ ಕಟ್ಟಿ ಪೆನ್ನು ನೇತುಹಾಕಿದ್ದರು. ಹೆಸರು, ಊರು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು. ಅಷ್ಟೇ. ಈಗ ಅದು ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಾಗಿದೆ. ಮೊನ್ನೆ ಪಹಣಿ ತೆಗೆಸಲು ಹೋಗಿದ್ದೆ. ಪರದೆಯ ಬಲ ಮೂಲೆಯಲ್ಲಿ ಅದೇ ಕರಡಿ. ನನ್ನ ಮುಂದಿದ್ದ ಹುಡುಗಿ ಸ್ಕಾಲರ್‌ಶಿಪ್ ಅರ್ಜಿ ಅರ್ಧ ತುಂಬಿದ್ದಳು. ಅಂಗಡಿಯ ಅಕ್ಕ ತಲೆ ಎತ್ತದೆಯೇ ಕೇಳಿದರು, "ಪೆನ್‌ಡ್ರೈವ್ ತಂದಿದ್ದೀಯಾ? ಇಲ್ಲಾಂದ್ರೆ ನಿನ್ನ ಮೇಲ್‌ಗೆ ಕಳಿಸ್ಕೋ. ಕರೆಂಟ್ ಹೋಗೋ ಹೊತ್ತಾಯ್ತು."