ಸಗರನಾಡಿನಲ್ಲಿ ರಸ ಹಿಂಡಿದ ಬಗೆ

ಹಣ್ಣು, ತರಕಾರಿ, ಸೊಪ್ಪು, ಬೀಜಗಳ ಒಡಲಿನಲ್ಲಿರುವ ದ್ರವವನ್ನು ನಾರಿನಿಂದ ಬೇರ್ಪಡಿಸುವುದಕ್ಕೆ ಇಂದಿನ ಅಂಗಡಿಗಳು ಜ್ಯೂಸರ್ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ಯಂತ್ರಗಳನ್ನು ಮಾರುತ್ತವೆಯಾದರೂ, ಆ ಯಂತ್ರಗಳ ಒಳಗೆ ನಡೆಯುವ ಮೂರು ಕ್ರಿಯೆಗಳು, ಅಂದರೆ ಅರೆಯುವುದು, ಹಿಂಡುವುದು ಮತ್ತು ಸೋಸುವುದು, ಬಹು ಹಳೆಯವು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹಬ್ಬಿರುವ ಶಹಾಪುರ, ಸುರಪುರ ಸೀಮೆ ಹಾಗೂ ಭೀಮೆಯ ಆಚೆಗಿರುವ ಯಾದಗಿರಿ, ಅಂದರೆ 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದ ಪ್ರದೇಶ, ಈ ಮೂರು ಕ್ರಿಯೆಗಳ ಚರಿತ್ರೆಯನ್ನು ನೋಡಲು ಒಳ್ಳೆಯ ನೆಲವಾಗಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಜೋಳ, ತೊಗರಿ, ಕುಸುಬಿ ಬೆಳೆಯುವ ಕಪ್ಪು ಮಣ್ಣು, ನೀರಿನ ನಿತ್ಯದ ಅಭಾವ ಇವೆಲ್ಲ ಸೇರಿ ಇಲ್ಲಿ ಯಾವುದನ್ನು ಹಿಂಡಬೇಕು, ಎಷ್ಟು ಹಿಂಡಬೇಕು, ಹಿಂಡಿದ ಮೇಲೆ ಉಳಿದದ್ದನ್ನು ಏನು ಮಾಡಬೇಕು ಎಂಬುದನ್ನು ನಿರ್ಧರಿಸಿದ್ದವು.

ಶಾಸನಗಳಲ್ಲಿ ಸಗರ ಮುನ್ನೂರು ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ, ಜನರ ಬಾಯಲ್ಲಿ ಇಂದಿಗೂ ಸಗರನಾಡು ಎಂದೇ ಉಳಿದಿರುವ ಈ ಪ್ರದೇಶದಲ್ಲಿ ಮನುಷ್ಯನ ವಾಸದ ಕುರುಹುಗಳು ಅತ್ಯಂತ ಪ್ರಾಚೀನವಾಗಿವೆ. ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಹುಣಸಗಿಯ ಕಣಿವೆಯಲ್ಲಿ ಶಿಲಾಯುಗದ ನೆಲೆಗಳನ್ನು ಗುರುತಿಸಿದರಲ್ಲದೆ, 1990ರ ದಶಕದಲ್ಲಿ ಬೂದಿಹಾಳದ ಬೂದಿದಿಬ್ಬವನ್ನು, ಅಂದರೆ ದನಗಳ ಸಗಣಿ ಸುಟ್ಟು ರಾಶಿಯಾದ ನವಶಿಲಾಯುಗದ ದಿಬ್ಬವನ್ನು, ವಿಸ್ತಾರವಾಗಿ ಉತ್ಖನನ ಮಾಡಿದರು. ದಕ್ಷಿಣ ದಖ್ಖನಿನ ಇಂಥ ನವಶಿಲಾಯುಗದ ನೆಲೆಗಳಲ್ಲಿ ಅರೆಯುವ ಕಲ್ಲುಗಳು ಸಾಮಾನ್ಯವಾಗಿ ದೊರೆಯುತ್ತವೆ. ಗ್ರಂಥಭಾಷೆ ಒರಳು ಎಂದು ಕರೆಯುವುದನ್ನು ಇಲ್ಲಿಯ ಮಾತು ಒಳ್ಳು ಎನ್ನುತ್ತದೆ; ಅದರ ಗುಂಡುಗಲ್ಲು, ಹಿಟ್ಟಿಗೆ ಬಳಸುವ ಬೀಸುಕಲ್ಲು ಇವೆರಡೂ ಮೊನ್ನೆಮೊನ್ನೆಯವರೆಗೆ ಪ್ರತಿ ಮನೆಯ ಆಸ್ತಿಯಾಗಿದ್ದವು. ಅರೆದದ್ದನ್ನು ಹಿಂಡಲು ಮಾತ್ರ ಕಲ್ಲು ಒದಗುವುದಿಲ್ಲ; ಅದಕ್ಕೆ ಬಟ್ಟೆಯೂ ಕೈಯೂ ಬೇಕು. ಹಸಿ ಸಸ್ಯವನ್ನು ಜಜ್ಜಿ ಹಿಂಡಿ ತೆಗೆದ ದ್ರವವನ್ನು ಆಯುರ್ವೇದದ ಗ್ರಂಥಗಳು ಸ್ವರಸ ಎಂದು ಕರೆದು, ಔಷಧ ಸಿದ್ಧಪಡಿಸುವ ಐದು ಮೂಲ ವಿಧಾನಗಳಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟಿವೆ. ಈ ಐದರಲ್ಲಿ ಸ್ವರಸವೇ ಹೆಚ್ಚು ಬಲವುಳ್ಳದ್ದು, ಆದುದರಿಂದ ಕುಡಿಯುವವನ ಶಕ್ತಿಯನ್ನು ನೋಡಿಯೇ ಕೊಡತಕ್ಕದ್ದು ಎಂಬ ಎಚ್ಚರವೂ ಅಲ್ಲಿಯೇ ಇದೆ. ರಸವೆಂದರೆ ಎಷ್ಟು ಕುಡಿದರೂ ಒಳ್ಳೆಯದೆಂಬ ಈಗಿನ ನಂಬಿಕೆಗೆ ಹಳೆಯ ವೈದ್ಯದ ಬೆಂಬಲವಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಈ ಸೀಮೆಯ ಅಡುಗೆಮನೆಯಲ್ಲಿ ಹಿಂಡುವ ವಿದ್ಯೆ ಪೂರ್ಣ ರೂಪದಲ್ಲಿ ಕಾಣುವುದು ಹಣ್ಣಿನಲ್ಲಿ ಅಲ್ಲ, ಕುಸುಬಿಯಲ್ಲಿ. ಹಿಂಗಾರಿನ ಹೊಲದ ಅಂಚಿನಲ್ಲಿ ಮುಳ್ಳಿನ ಬೇಲಿಯಂತೆ ಬೆಳೆಯುವ ಈ ಎಣ್ಣೆಕಾಳಿನಿಂದ ಹಾಲು ತೆಗೆದು, ಅದರಲ್ಲಿ ಗೋಧಿ ಬೇಯಿಸಿ, ಬೆಲ್ಲ ಕೂಡಿಸಿ ಕುಸುಬಿ ಹುಗ್ಗಿ ಮಾಡುವ ರೂಢಿ ಉತ್ತರ ಕರ್ನಾಟಕದಲ್ಲೆಲ್ಲ ಇದೆ. ಕಾಳನ್ನು ನೀರಿನಲ್ಲಿ ನೆನೆಹಾಕಿ, ಸಿಪ್ಪೆ ಮೆತ್ತಗಾದ ಮೇಲೆ ಒಳ್ಳಿಗೆ ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತ ತಿರುವಿದರೆ, ಬಿಳಿಯ ನೊರೆ ಕಲ್ಲಿನ ಅಂಚಿಗೆ ಏರುತ್ತದೆ. ಅದನ್ನು ತೆಳುವಾದ ಹಳೆಯ ಧೋತರದ ತುಂಡಿನಲ್ಲಿ ಸುರಿದು, ನಾಲ್ಕು ಮೂಲೆಗಳನ್ನು ಕೂಡಿಸಿ ಗಂಟು ಹಿಡಿದು, ಒಂದು ಕೈಯಿಂದ ಗಂಟನ್ನೂ ಇನ್ನೊಂದರಿಂದ ಉಂಡೆಯನ್ನೂ ಎದುರುಬದುರಾಗಿ ತಿರುಚಿದಾಗ ದಪ್ಪನೆಯ ಮೊದಲ ಹಾಲು ಪಾತ್ರೆಗೆ ಇಳಿಯುತ್ತದೆ. ಬಟ್ಟೆಯಲ್ಲಿ ಉಳಿದ ಹೊಟ್ಟನ್ನು ಮತ್ತೆ ಒಳ್ಳಿಗೆ ಹಾಕಿ, ಮತ್ತೆ ನೀರು ಸೇರಿಸಿ ಹಿಂಡಿದರೆ ತೆಳುವಾದ ಎರಡನೆಯ ಹಾಲು ಬರುತ್ತದೆ. ಗೋಧಿ ಬೇಯಲು ತೆಳುವಾದದ್ದು, ಕೊನೆಯಲ್ಲಿ ರುಚಿಗೆ ದಪ್ಪನೆಯದು ಸಲ್ಲುತ್ತದೆ. ಹೊಟ್ಟು ದನದ ಬಾನಿಗೆ ಹೋಗುತ್ತದೆ. ಅಮೆರಿಕದ ನಾರ್ಮನ್ ವಾಕರ್ 1930ರ ದಶಕದಲ್ಲಿ ತರಕಾರಿಯನ್ನು ಮೊದಲು ಅರೆದು, ಬಳಿಕ ಬಟ್ಟೆಯಲ್ಲಿ ಕಟ್ಟಿ ಒತ್ತುಯಂತ್ರದ ಕೆಳಗೆ ಹಿಂಡುವ ಎರಡು ಹಂತದ ಜ್ಯೂಸರನ್ನು ರೂಪಿಸಿ ಹೆಸರು ಪಡೆದನು; ಕ್ರಮವನ್ನಷ್ಟೇ ನೋಡುವುದಾದರೆ ಅದು ಕುಸುಬಿ ಹಾಲಿನ ಕ್ರಮವೇ ಆಗಿದೆ. ಸಗರನಾಡಿನ ಹೆಂಗಸರ ಈ ವಿದ್ಯೆಗೆ ಯಾರೂ ಹೆಸರಿಡಲಿಲ್ಲ, ಪೇಟೆಂಟನ್ನೂ ಪಡೆಯಲಿಲ್ಲ ಎಂಬುದು ನೋವಿನ ಸಂಗತಿಯೇ ಸರಿ.

ಮನೆಯ ಕೈಗೆ ಮೀರಿದ್ದನ್ನು ಗಾಣ ಹಿಂಡುತ್ತಿತ್ತು. ಗಾಣವೆಂದರೆ ಎತ್ತು ತಿರುಗಿಸುವ ಒತ್ತುಯಂತ್ರ. ಎಣ್ಣೆಯ ಗಾಣದಲ್ಲಿ ಒಂದು ದೊಡ್ಡ ಒರಳಿನೊಳಗೆ ಓರೆಯಾಗಿ ನಿಂತ ಒನಕೆ ಕಾಳನ್ನು ಗೋಡೆಗೆ ಒತ್ತುತ್ತ ಸುತ್ತಿದರೆ, ಕಬ್ಬಿನ ಗಾಣದಲ್ಲಿ ಎದುರುಬದುರಾಗಿ ತಿರುಗುವ ಉರುಳೆಗಳ ನಡುವೆ ಜಲ್ಲೆ ಸಿಕ್ಕಿ ಚಪ್ಪಟೆಯಾಗುತ್ತದೆ. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ದೇವಾಲಯದ ದೀಪಕ್ಕಾಗಿ ಗಾಣಗಳಿಂದ ಇಂತಿಷ್ಟು ಎಣ್ಣೆ ಸಲ್ಲಬೇಕೆಂಬ ದತ್ತಿಗಳು ಬಹಳ. ಗಾಣದ ಕಣ್ಣಪ್ಪನಂಥ ಶರಣರ ಹೆಸರುಗಳು ಆ ವೃತ್ತಿಯ ಗೌರವಕ್ಕೆ ಸಾಕ್ಷಿ. ಮರದ ಉರುಳೆಗಳ ಜಾಗಕ್ಕೆ ಕಬ್ಬಿಣದವು ಬಂದದ್ದು 1870ರ ದಶಕದ ನಂತರ, ಬಿಹಾರದ ಬಿಹಿಯಾ ಎಂಬ ಊರಿನಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬಿಬ್ಬರು ಸಣ್ಣ ಕಬ್ಬಿಣದ ಗಾಣವನ್ನು ತಯಾರಿಸಿದ ಮೇಲೆ, ನಿಧಾನವಾಗಿ. ಇಂದು ಯಾದಗಿರಿ, ಶಹಾಪುರಗಳ ಬಸ್ ನಿಲ್ದಾಣದ ಬಳಿ ಗೆಜ್ಜೆ ಕಟ್ಟಿದ ಗಾಲಿ ತಿರುಗಿಸುತ್ತ ಕಬ್ಬಿನ ಹಾಲು ಹಿಂಡುವ ಬಂಡಿ ಆ ಗಾಣದ ಮೊಮ್ಮಗನಾಗಿದೆ. ಜಲ್ಲೆಯನ್ನು ಮಡಚಿ, ನಡುವೆ ಶುಂಠಿಯ ಚೂರು, ಲಿಂಬೆಯ ಹೋಳು ಇಟ್ಟು, ಎರಡು ಮೂರು ಸಲ ಒಳಗೆ ಕಳಿಸುವುದರಲ್ಲಿ ನಿಧಾನವಾಗಿ, ಮತ್ತೆಮತ್ತೆ ಒತ್ತಿದರೇ ರಸ ಪೂರ್ತಿ ಇಳಿಯುವುದೆಂಬ ಹಳೆಯ ತಿಳಿವಳಿಕೆ ಉಳಿದಿದೆ.

ಹಿಂಡು ಎಂಬ ಕ್ರಿಯಾಪದದಿಂದ ಹುಟ್ಟಿದ ಹಿಂಡಿ ಎಂಬ ಮಾತು ಈ ಚರಿತ್ರೆಯಲ್ಲಿ ಒಂದು ಪುಟವನ್ನೇ ಬೇಡುತ್ತದೆ. ಎಣ್ಣೆ ಇಳಿದ ಮೇಲೆ ಗಾಣದಲ್ಲಿ ಉಳಿಯುವ ಗಟ್ಟಿ ಪದಾರ್ಥ ಹಿಂಡಿ. ಅದು ಎತ್ತು, ಎಮ್ಮೆಗಳ ಮೇವು. ಅದೇ ಮಾತು ಊಟದ ತಾಟಿಗೆ ಬಂದಾಗ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಯಾಗಿ, ಜೋಳದ ರೊಟ್ಟಿಯ ಜೊತೆಗೆ ಮೊಸರಲ್ಲಿ ಕಲಸಿ ತಿನ್ನುವ ಪುಡಿಯಾಗುತ್ತದೆ. ಹಿಂಡಿದ ಮೇಲೆ ಉಳಿದದ್ದು ಕಸವಲ್ಲ, ಆಹಾರವೆಂಬ ತೀರ್ಪು ಭಾಷೆಯಲ್ಲೇ ಇರುವಾಗ, ಈಗಿನ ಜ್ಯೂಸರಿನ ಹಿಂಬದಿಯ ಡಬ್ಬಿಯಲ್ಲಿ ತುಂಬುವ ಗಜ್ಜರಿಯ ನಾರನ್ನು ನೇರವಾಗಿ ತಿಪ್ಪೆಗೆ ಸುರಿಯುವುದು ಈ ನೆಲದ ರೀತಿಗೆ ಹೊರತಾದದ್ದೆಂದೇ ಹೇಳಬೇಕು.

ಕುಡಿಯುವ ರಸದ ಮಾತಿಗೆ ಬಂದರೆ, ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಅನ್ನಭೋಗದ ಜೊತೆಗೆ ಪಾನೀಯಭೋಗಕ್ಕೂ ಬೇರೆಯೇ ಭಾಗವಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ಕನ್ನಡ ಸೂಪಶಾಸ್ತ್ರದಲ್ಲಿಯೂ ಪಾನಕಗಳಿಗೆ ಪ್ರತ್ಯೇಕ ಸ್ಥಾನವಿದೆ. ಅರಮನೆಯ ಆ ಪಾನಕಗಳಿಗಿಂತ ಸಗರನಾಡಿನ ಸಾಮಾನ್ಯರಿಗೆ ಹತ್ತಿರವಾದದ್ದು ದಾರಿಹೋಕರಿಗೆ ನೀರು ಕೊಡುವ ಅರವಟಿಗೆ, ಶಾಸನಗಳು ಅರವಂಟಿಗೆ ಎಂದು ಕರೆದ ಧರ್ಮಶಾಲೆ. ಹುಣಸೆ ನೆನೆಸಿ ಕಿವುಚಿ ಸೋಸಿದ ನೀರಿಗೆ ಬೆಲ್ಲ ಕದಡಿದರೆ ಪಾನಕವಾಗುತ್ತದೆ. ಇದಕ್ಕೆ ಬೆರಳುಗಳ ಹೊರತು ಬೇರೆ ಯಂತ್ರ ಬೇಡ. ಯುಗಾದಿಯ ದಿನ ಹಳೆಯ ಮೈಸೂರಿನವರು ಬೇವು ಬೆಲ್ಲವನ್ನು ತಿನ್ನುತ್ತಾರೆ, ಈ ಭಾಗದವರು ಬೇವು ಕುಡಿಯುತ್ತಾರೆ: ಹೊಸ ಮಡಕೆಯಲ್ಲಿ ಹುಣಸೆಯ ಹುಳಿನೀರು, ಬೆಲ್ಲ, ಬೇವಿನ ಹೂವು, ಮಾವಿನಕಾಯಿಯ ತುರಿ, ಪುಟಾಣಿ ಹಿಟ್ಟು, ಒಣಕೊಬ್ಬರಿ ಕೂಡಿಸಿ, ಬಂದವರಿಗೆಲ್ಲ ಲೋಟದಲ್ಲಿ ಕೊಡುವುದು ರೂಢಿ. ಬಿಜಾಪುರದ ಆದಿಲಶಾಹಿ, ಹೈದರಾಬಾದಿನ ನಿಜಾಮಶಾಹಿಗಳ ಕಾಲದಲ್ಲಿ ಪಾನಕದ ಪಕ್ಕಕ್ಕೆ ಅರಬ್ಬಿ ಮೂಲದ ಶರಬತ್ತು ಎಂಬ ಹೆಸರು ಬಂದು ನಿಂತಿತು. ಆದಿಲಶಾಹಿಯ ಮೊದಲ ದೊರೆಗಳ ಗೋರಿಗಳಿರುವ ಶಹಾಪುರ ತಾಲೂಕಿನ ಗೋಗಿಯನ್ನು ಹೊತ್ತ ಈ ಸೀಮೆಯಲ್ಲಿ, ಮೊಹರಂ ಹಬ್ಬದ ಚೊಂಗೆ ಮತ್ತು ಬೆಲ್ಲದ ಶರಬತ್ತು ಎರಡೂ ಧರ್ಮದವರಿಗೆ ಸೇರಿದವು. ಹೀಗೆ ರಸವೆಂಬುದು ಮನೆಯ ಒಬ್ಬನ ಬೆಳಗಿನ ಲೋಟವಾಗಿರದೆ, ಹಂಚಿ ಕುಡಿಯುವ ಹಬ್ಬದ ಪದಾರ್ಥವಾಗಿತ್ತು.

ಹಣ್ಣಿನ ತೋಟಕ್ಕೆ ನೀರು ಬೇಕಾಗಿದ್ದುದರಿಂದ ಕೆರೆಗಳ ಚರಿತ್ರೆಯೂ ಇದಕ್ಕೆ ಹೊಂದಿಕೊಂಡಿದೆ. ಸುರಪುರ ಸಂಸ್ಥಾನದ ಆಡಳಿತವನ್ನು 1840ರ ದಶಕದಲ್ಲಿ ನೋಡಿಕೊಂಡ ಮೆಡೋಸ್ ಟೇಲರನ ಹೆಸರು ಬೋನಾಳದ ಕೆರೆಯೊಂದಿಗೆ ಸೇರಿಕೊಂಡಿದೆ. 1871ರಲ್ಲಿ ಮುಂಬಯಿ ಕಡೆಯ ರೈಲು ರಾಯಚೂರು ಮುಟ್ಟಿದಾಗ ಯಾದಗಿರಿ ಆ ಹಾದಿಯ ಊರಾಯಿತು, ಪರವೂರಿನ ಹಣ್ಣಿಗೆ ದಾರಿ ತೆರೆಯಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡು ಎಡದಂಡೆಯ ಕಾಲುವೆಗಳು ಶಹಾಪುರದತ್ತ ಹರಿದ ಮೇಲೆ, ನೀರು ಕಂಡ ಹೊಲಗಳಲ್ಲಿ ಭತ್ತ, ಹತ್ತಿ ಹಬ್ಬಿ ಕುಸುಬಿ ಹಿಂದೆ ಸರಿಯಿತು. ಹುಗ್ಗಿಯ ಹಾಲು ಅಪರೂಪವಾಗತೊಡಗಿತು.

ವಿದ್ಯುತ್ ಮಿಕ್ಸರ್ ಈ ದೇಶದ ಅಡುಗೆಗೆ ಹೊಂದಿಕೊಂಡದ್ದು 1963ರಿಂದ ಈಚೆಗೆ. ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್, ಹೆಂಡತಿಯ ವಿದೇಶಿ ಮಿಕ್ಸರ್ ಭಾರತೀಯ ಮಸಾಲೆಯನ್ನು ಅರೆಯಲಾರದೆ ಕೆಟ್ಟುಹೋದ ಮೇಲೆ, ಒಣ ಪದಾರ್ಥವನ್ನೂ ಅರೆಯಬಲ್ಲ ಬಲವಾದ ಮೋಟಾರಿನ ಸುಮೀತ್ ಮಿಕ್ಸರನ್ನು ತಂದರು. ಈ ಯಂತ್ರದ ವಂಶವೇ ಒಳ್ಳನ್ನು ಹಿತ್ತಲಿಗೆ ಕಳಿಸಿತು. ಮಿಕ್ಸರ್ ಅರೆಯುತ್ತದೆ, ಹಿಂಡುವುದಿಲ್ಲ. ಸೋಸುವ ಕೆಲಸ ಜರಡಿಗೆ ಅಥವಾ ಬಟ್ಟೆಗೇ ಉಳಿಯುತ್ತದೆ. ಜ್ಯೂಸರ್ ಈ ಕೊರತೆಯನ್ನು ಎರಡು ದಾರಿಗಳಲ್ಲಿ ತುಂಬಿತು. ಒಂದು, ಕೇಂದ್ರಾಪಗಾಮಿ ಬಗೆ, ಅಂದರೆ ತಿರುಗುವ ವಸ್ತು ನಡುವಿನಿಂದ ಹೊರಕ್ಕೆ ಸಿಡಿಯುವ ಗುಣವನ್ನು ಬಳಸುವುದು: ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಹಲ್ಲಿನ ತಟ್ಟೆ ಹಣ್ಣನ್ನು ತುರಿಯುತ್ತದೆ, ತುರಿ ಜರಡಿಯ ಗೋಡೆಗೆ ಅಪ್ಪಳಿಸಿ ರಸ ಹೊರಬೀಳುತ್ತದೆ. ಕೆಲಸ ಬೇಗ, ಸದ್ದು ಹೆಚ್ಚು, ಗಾಳಿ ಬೆರೆತು ನೊರೆ ಏಳುವುದರಿಂದ ರಸವನ್ನು ಕೂಡಲೇ ಕುಡಿಯಬೇಕು. ಸೊಪ್ಪಿನಿಂದ ಇದು ತೆಗೆಯುವುದು ಅತ್ಯಲ್ಪ. ಇನ್ನೊಂದು, ಕೋಲ್ಡ್ ಪ್ರೆಸ್ ಎಂದು ಕರೆಯಲಾಗುವ ನಿಧಾನದ ಬಗೆ: ನಿಮಿಷಕ್ಕೆ 40ರಿಂದ 80 ಸುತ್ತು ಮಾತ್ರ ತಿರುಗುವ ತಿರುಪಿನ ದಿಂಡು ಹಣ್ಣನ್ನು ಜರಡಿಗೆ ಒತ್ತಿ ಹಿಂಡುತ್ತದೆ. ಇದು ಎತ್ತಿಲ್ಲದ ಗಾಣವಲ್ಲದೆ ಬೇರೇನೂ ಅಲ್ಲ. ಕೊರಿಯಾದ ತಯಾರಕರು ಇದನ್ನು ನೆಟ್ಟಗೆ ನಿಲ್ಲುವ ರೂಪದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಜನಪ್ರಿಯಗೊಳಿಸಿದರು. ಬೆಲೆ ಹೆಚ್ಚು, ಹಣ್ಣನ್ನು ಸಣ್ಣಗೆ ಹೆಚ್ಚಿಕೊಡಬೇಕು, ಆದರೆ ಸೊಪ್ಪು, ಶುಂಠಿ, ನೆನೆಸಿದ ಕಾಳುಗಳಿಗೆ ಇದೇ ತಕ್ಕದ್ದು.

ಈ ಚರಿತ್ರೆಯಿಂದ ಆಯ್ಕೆಗೆ ಒಂದು ಅಳತೆಗೋಲು ದೊರೆಯುತ್ತದೆ: ಹಿಂದಿನವರು ಉಪಕರಣವನ್ನು ನೋಡಿ ಪದಾರ್ಥವನ್ನು ಆರಿಸಲಿಲ್ಲ, ಹುಳಿಹಣ್ಣಿಗೆ ಕೈ, ಕಾಳಿಗೆ ಕಲ್ಲು ಮತ್ತು ಬಟ್ಟೆ, ನಾರಿನ ಜಲ್ಲೆಗೆ ಗಾಣ ಎಂದು ಪದಾರ್ಥವೇ ಉಪಕರಣವನ್ನು ಹೇಳುತ್ತಿತ್ತು. ನೆರೆಯ ಇಂಡಿ ತಾಲೂಕಿನ ಲಿಂಬೆ, ಮೋಸಂಬಿಗಳನ್ನಷ್ಟೇ ಹಿಂಡುವ ಮನೆಗೆ ಕೈಯಲ್ಲಿ ಒತ್ತುವ ಸಣ್ಣ ಹಿಂಡುಕವೇ ಸಾಕು. ಮಾವು, ಪಪ್ಪಾಯಿ, ಬಾಳೆಗಳಂಥ ತಿರುಳಿನ ಹಣ್ಣುಗಳಿಗೆ ಜ್ಯೂಸರ್ ಸಲ್ಲದು. ಅವು ಸೀಕರಣೆಯ ಹಣ್ಣುಗಳು, ಮಿಕ್ಸರೇ ಅವಕ್ಕೆ ಹೊಂದುತ್ತದೆ. ಗಜ್ಜರಿ, ಬೀಟ್‌ರೂಟ್, ದಾಳಿಂಬೆಗಳನ್ನು ದಿನವೂ ಹಿಂಡುವವರು ನಿಧಾನದ ಯಂತ್ರಕ್ಕೆ ಹಣ ಹಾಕುವುದು ನ್ಯಾಯ. ವಾರಕ್ಕೊಮ್ಮೆ ಹಿಂಡುವವರಿಗೆ ಆ ಖರ್ಚು ದಂಡ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ರಸಕ್ಕಿಂತ ಇಡೀ ಹಣ್ಣನ್ನೇ ತಿನ್ನಲು ಸೂಚಿಸಿ, ಕಬ್ಬಿನ ಹಾಲಿನ 100 ಮಿಲಿಲೀಟರಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇರುವುದನ್ನು ಎತ್ತಿ ತೋರಿಸಿದೆ. ಸಕ್ಕರೆ ಕಾಯಿಲೆಯಿರುವ ಮನೆಯಲ್ಲಿ ಯಂತ್ರಕ್ಕಿಂತ ಮೊದಲು ಈ ಮಾತನ್ನು ಯೋಚಿಸಬೇಕು.

ಯಾದಗಿರಿ ಜಿಲ್ಲೆಯ ಬಹಳಷ್ಟು ಬಾವಿ, ಕೊಳವೆಬಾವಿಗಳ ನೀರು ಗಡಸಾಗಿರುವುದರಿಂದ, ಜರಡಿಯ ಸಣ್ಣ ಕಣ್ಣುಗಳಲ್ಲಿ ನಾರಿನ ಜೊತೆಗೆ ಸುಣ್ಣದಂಥ ಬಿಳಿ ಪೊರೆ ಕಟ್ಟುತ್ತದೆ. ಒಣಗಿದ ಮೇಲೆ ಅದು ಬ್ರಷ್ಷಿಗೂ ಬಿಡುವುದಿಲ್ಲ. ಕುಸುಬಿ ಹಾಲಿನ ಬಟ್ಟೆಯನ್ನು ಹಿಂಡಿದ ಕೂಡಲೇ ಜಾಲಿಸಿ ಬಿಸಿಲಿಗೆ ಹರವುತ್ತಿದ್ದ ಕ್ರಮ ಇಲ್ಲಿಯೂ ಸಲ್ಲುತ್ತದೆ. ಆದುದರಿಂದ ಕೊಳ್ಳುವವರು ವ್ಯಾಟಿನ ಅಂಕಿಯನ್ನೂ ಹೊಳಪನ್ನೂ ನೋಡುವ ಮೊದಲು, ಅಂಗಡಿಯ ಮೇಜಿನ ಮೇಲೆಯೇ ಯಂತ್ರದ ಜರಡಿಯನ್ನು ತಮ್ಮ ಕೈಯಿಂದ ಬಿಚ್ಚಿ, ಮತ್ತೆ ಕೂಡಿಸಿ ನೋಡಬೇಕು. ಸಲೀಸಾಗಿ ಬಿಚ್ಚಿ ತೊಳೆಯಲಾಗದ ಜ್ಯೂಸರನ್ನು ಯಾವ ಬೆಲೆಗೂ ಮನೆಗೆ ತರಬಾರದು.