ಕೊಳವೆಬಾವಿಗೆ ಸ್ಥಳದ ಆಯ್ಕೆ: ವಿದ್ಯುತ್ಕಾಂತೀಯ ಸಮೀಕ್ಷೆಯ ಇತಿಮಿತಿ

ಈ ವಿಧಾನದಲ್ಲಿ ತಂತಿಯ ಸುರುಳಿಯ ಮೂಲಕ ನೆಲದೊಳಗೆ ವಿದ್ಯುತ್ ಪ್ರವಾಹವನ್ನು ಪ್ರೇರಿಸಿ, ಅದರಿಂದ ಹೊಮ್ಮುವ ಕಾಂತಕ್ಷೇತ್ರವನ್ನು ಅಳೆಯಲಾಗುತ್ತದೆ. ನೀರು ತುಂಬಿದ ಶಿಥಿಲ ಶಿಲೆಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಗಟ್ಟಿ ಬಂಡೆಯಲ್ಲಿ ಹರಿಯದು. ಆದರೆ ಜೇಡಿಮಣ್ಣು, ಉಪ್ಪುನೀರುಗಳಲ್ಲಿಯೂ ಹರಿಯುತ್ತದೆ. ಉಪಕರಣವು ತೋರಿಸುವುದು ವಾಹಕತೆಯನ್ನೇ ಹೊರತು ನೀರನ್ನಲ್ಲ. ಆದ್ದರಿಂದ ‘ಎರಡು ಇಂಚು ನೀರು ಖಚಿತ’ ಎನ್ನುವವರ ಮಾತನ್ನು ನೆಚ್ಚಿ ಸಾಲ ಮಾಡಬೇಡಿರಿ.

ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದಲ್ಲಿ ಹೆಲಿಕಾಪ್ಟರಿನಿಂದ ಇಂತಹ ಸಮೀಕ್ಷೆ ನಡೆದಾಗಲೂ ಕೊರೆದ ಬಾವಿಗಳ ದಾಖಲೆಯೊಡನೆ ತಾಳೆ ನೋಡಲಾಯಿತು.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂತಹ ಕಡೆಗಳ ಅಂಚಿನ ಜಮೀನುಗಳಲ್ಲಿ ಇನ್ನೊಂದು ತೊಡಕುಂಟು: ವಿದ್ಯುತ್ ಮಾರ್ಗ, ಹೂತ ಲೋಹದ ಕೊಳವೆ, ತಂತಿಬೇಲಿಗಳು ಅಳತೆಯನ್ನು ಕೆಡಿಸುತ್ತವೆ. ಅವುಗಳಿಂದ ಸಾಧ್ಯವಾದಷ್ಟು ದೂರದಲ್ಲಿ ಅಳತೆ ಮಾಡಿಸಿರಿ. ನೆರೆಯ ಬಾವಿಗಳ ಆಳ ಹಾಗೂ ಬೇಸಿಗೆಯ ಇಳುವರಿಯನ್ನು ವಿಚಾರಿಸಿದ ನಂತರವೇ ಕೊರೆಸಿರಿ.