ನೋಡಿದ ಮಾತು, ಕೇಳಿದ ಮಾತು

ನಮ್ಮ ಧಾರವಾಡ ರೇಡಿಯೋದ ಊರು. 1950ರ ಜನವರಿ 8ರಂದು ಇಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮುಖ ಕಾಣದೆ, ದನಿಯಿಂದಲೇ ಮಾತಿನ ತೂಕ ಅಳೆಯುವುದನ್ನು ನಾವು ಹಾಗೆ ಕಲಿತೆವು. ಟಿವಿ ಬಂದ ಮೇಲೆ ಕಿವಿಯ ಕೆಲಸವನ್ನು ಕಣ್ಣು ಕಸಿದುಕೊಂಡಿತು. ಇದರಿಂದ ಚುನಾವಣೆಗಳೇ ಬದಲಾದವೆಂದು ಹೇಳುವವರು ಕೊಡುವ ಉದಾಹರಣೆ ಒಂದೇ, ಅಮೆರಿಕದ 1960ರ ಅಧ್ಯಕ್ಷ ಚುನಾವಣೆ. ಸಪ್ತಾಪುರಕ್ಕೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗರೂ 'ಕೆನಡಿ ಟಿವಿಯಿಂದ ಗೆದ್ದರು' ಎಂದು ಒಪ್ಪಿಸುತ್ತಾರೆ.

ಇತಿಹಾಸ ಅಷ್ಟು ಸರಳವಲ್ಲ. 1960ರ ಸೆಪ್ಟೆಂಬರ್ 26ರಂದು ಷಿಕಾಗೋದಲ್ಲಿ ನಡೆದ ಮೊದಲ ಚರ್ಚೆಯನ್ನು ಸುಮಾರು 7 ಕೋಟಿ ಜನ ನೋಡಿದರು. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಎದ್ದು ಬಂದಿದ್ದರು. ಮುಖ ಬಿಳಿಚಿತ್ತು, ಅವರ ಬೂದು ಕೋಟು ಹಿಂದಿನ ಗೋಡೆಯೊಡನೆ ಬೆರೆತುಹೋಗಿತ್ತು. ಕೆನಡಿ ಲವಲವಿಕೆಯಿಂದ ಕಂಡರು. ರೇಡಿಯೋ ಕೇಳಿದವರಿಗೆ ಮಾತ್ರ ನಿಕ್ಸನ್ನರೇ ಮೇಲೆನಿಸಿತಂತೆ. ಆದರೆ ಈ ಮಾತಿಗೆ ಆಧಾರ ಒಂದು ಸಣ್ಣ ಸಮೀಕ್ಷೆ. ರೇಡಿಯೋ ಕೇಳಿದವರು ಮೊದಲೇ ನಿಕ್ಸನ್ ಕಡೆ ಒಲಿದವರಿರಬಹುದೆಂದು ಸಂಶೋಧಕರು ಅದನ್ನು ಪ್ರಶ್ನಿಸಿದ್ದಾರೆ. ಸುಮಾರು 6.9 ಕೋಟಿ ಮತಗಳಲ್ಲಿ ಅಂತರ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಇಷ್ಟು ಕಡಿಮೆ ಅಂತರವಿದ್ದಾಗ ಯಾವ ಕಾರಣವನ್ನು ಬೇಕಾದರೂ ಗೆಲುವಿನ ಕಾರಣವೆನ್ನಬಹುದು.

ಆದರೆ ರಾಜಕಾರಣಿಗಳು ಆ ಪಾಠವನ್ನು ನಂಬಿದರು. 1964, 1968, 1972ರಲ್ಲಿ ಅಧ್ಯಕ್ಷ ಅಭ್ಯರ್ಥಿಗಳ ಚರ್ಚೆ ನಡೆಯಲೇ ಇಲ್ಲ. 1976ರಲ್ಲಿ ಮತ್ತೆ ಆರಂಭವಾದಾಗ, ಫೋರ್ಡ್ ಮತ್ತು ಕಾರ್ಟರ್ ಅವರ ಮೊದಲ ಚರ್ಚೆಯಲ್ಲಿ ಧ್ವನಿ ಕೆಟ್ಟು 27 ನಿಮಿಷ ಚರ್ಚೆ ನಿಂತಿತು. ಇಬ್ಬರೂ ತಮ್ಮ ತಮ್ಮ ಜಾಗದಲ್ಲೇ ಮೂಕರಂತೆ ನಿಂತಿದ್ದರು. ಎರಡನೆಯ ಚರ್ಚೆಯಲ್ಲಿ ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವಿಲ್ಲವೆಂದು ಹೇಳಿ ಫೋರ್ಡ್ ನಗೆಪಾಟಲಾದರು. ಅಲ್ಲಿ ಪೆಟ್ಟು ಕೊಟ್ಟದ್ದು ಮುಖವಲ್ಲ, ಮಾತು. 2024ರ ಜೂನ್ 27ರ ಚರ್ಚೆಯಲ್ಲಿ ತಡವರಿಸಿದ ಬೈಡನ್ ಮುಂದಿನ ತಿಂಗಳು ಕಣದಿಂದಲೇ ಹಿಂದೆ ಸರಿದರು.

ಇದನ್ನು ಪಾಠ ಮಾಡುವಾಗ ಒಬ್ಬ ಹುಡುಗಿ ಕೇಳಿದಳು: "ಅಕ್ಕೋರ, ನಮ್ಮ ದೇಶದಾಗ ಹಿಂಗ ಎದುರಾಬದುರು ನಿಂತು ಮಾತಾಡೂದಿಲ್ಲೇನ್ರೀ?"

ನಮ್ಮ ರಾಷ್ಟ್ರಪತಿಯನ್ನು ಶಾಸಕರು, ಸಂಸದರು ಆರಿಸುತ್ತಾರೆ, ಅಲ್ಲಿ ಜನರ ಮುಂದೆ ಚರ್ಚೆಯ ಮಾತು ಬರುವುದಿಲ್ಲ. ಪ್ರಧಾನಿ ಪಟ್ಟಕ್ಕೆ ಪೈಪೋಟಿ ನಡೆಸುವವರು ಮಾತ್ರ ಜನರೆದುರು ನಿಲ್ಲಬಹುದಿತ್ತು. 1977ರ ಲೋಕಸಭಾ ಚುನಾವಣೆಯ ನಂತರ ಪಕ್ಷಗಳಿಗೆ ಸರಕಾರಿ ಪ್ರಸಾರದಲ್ಲಿ ಉಚಿತ ಸಮಯ ಸಿಗತೊಡಗಿತು. 2003ರಲ್ಲಿ ಆ ಹಂಚಿಕೆಗೆ ಕಾನೂನಿನ ಬಲ ಬಂತು. ಆದರೆ ಭಾಷಣದ ಪ್ರತಿಯನ್ನು ಮೊದಲೇ ಒಪ್ಪಿಸಬೇಕು. ಎದುರಿಗೆ ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕುರ್ ಮತ್ತು ಎ.ಪಿ. ಶಾ, ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿಯವರನ್ನು ಬಹಿರಂಗ ಚರ್ಚೆಗೆ ಆಹ್ವಾನಿಸಿದರು. ರಾಹುಲ್ ಒಪ್ಪಿದರು, ಆದರೆ ಚರ್ಚೆ ನಡೆಯಲಿಲ್ಲ.

ಟಿವಿಯಲ್ಲಿ ಮುಖದ ಕಳೆ ಗೆಲ್ಲುತ್ತದೆಂಬ ಭಯ ಸುಳ್ಳಲ್ಲ. ಶಾಲೆಯ ಚರ್ಚಾಸ್ಪರ್ಧೆಗಳಲ್ಲೂ ಇಸ್ತ್ರಿ ಅಂಗಿಯ ಹುಡುಗನಿಗೆ ಎರಡು ಅಂಕ ಹೆಚ್ಚು ಬೀಳುವುದನ್ನು ನಾನು ಬಲ್ಲೆ. ಹಾಗೆಂದು ಯಾರೂ ಸ್ಪರ್ಧೆಯನ್ನೇ ನಿಲ್ಲಿಸುವುದಿಲ್ಲ. ಏಕೆಂದರೆ ಎದುರಾಳಿಯ ಪ್ರಶ್ನೆ ಬಂದಾಗ ಬಾಯಿಪಾಠ ಮುಗಿದು, ಮಗುವಿಗೆ ತಿಳಿದದ್ದೆಷ್ಟು ಎಂಬುದು ಹೊರಬೀಳುತ್ತದೆ. ಆಳುವವರ ವಿಷಯದಲ್ಲಿ ಮತದಾರನಿಗೆ ಸಿಗಬೇಕಾದದ್ದೂ ಆ ಒಂದು ಗಳಿಗೆಯೇ.